ಹುಡುಕಲು ಹೋದವನು

ಕೋಡಿಯ ಕೆಳಗಿನ ಜೊಂಡಿನಲ್ಲಿ ನಾಲ್ಕು ಜನ ಸೊಂಟದ ನೀರಿಗಿಳಿದು, ಬಿದಿರು ಗಳ ಹಿಡಿದು ಬೈಲಪ್ಪನ ಹೆಣಕ್ಕಾಗಿ ತಡಕುತ್ತಿದ್ದಾಗ, ಬೈಲಪ್ಪನೇ ಕೆರೆ ಏರಿಯ ಮೇಲೆ ನಡೆದು ಬಂದ. ಹೆಗಲಿಗೆ ಹಿಟ್ಟಿನ ಮಿಷನ್ನಿನ ಹೊಸ ಬೆಲ್ಟು ಸುತ್ತಿಕೊಂಡಿದ್ದ. ಪಂಚೆ ಎತ್ತಿ ಕಟ್ಟಿ, ಚಪ್ಪಲಿಯನ್ನು ಕೈಯಲ್ಲಿ ಹಿಡಿದಿದ್ದ.

“ಏನ್ರಲಾ, ಮೀನಾ?” ಎಂದ.

ಒಬ್ಬನ ಕೈಯಿಂದ ಗಳ ಜಾರಿ ಸೆಳವಿಗೆ ಸಿಕ್ಕಿ ಹೋಯಿತು. ಏರಿಯ ಕಲ್ಲಿನ ಮೇಲೆ ಕಂಬಳಿ ಹೊದ್ದು ಕೂತಿದ್ದ ಊರ ಹಿರಿಯ ದೊಡ್ಡಮುನಿಯಪ್ಪ ಎದ್ದು ಬಂದು ಬೈಲಪ್ಪನ ತೋಳನ್ನು ಒತ್ತಿ ನೋಡಿದರು.

“ಬದುಕಿದ್ದೀಯೇನೋ?”

“ಸಾಯೋಕೆ ನಂಗೇನಾಗೈತೆ? ನಿನ್ನೆ ಸಂಜೆ ಬಸ್ಸು ಬರಲಿಲ್ಲ. ಹೊಸಕೋಟೇಲಿ ಷಡ್ಡಕನ ಮನೇಲಿ ಉಳ್ಕಂಡೆ.”

“ಉಂಡ್ಯಾ?”

“ಉಂಡೆ. ಕೋಳಿ ಕುಯ್ದಿದ್ರು. ಯಾಕೆ ದೊಡ್ಡಪ್ಪ?”

ದೊಡ್ಡಮುನಿಯಪ್ಪ ನೀರಿನಲ್ಲಿದ್ದವರ ಕಡೆ ತಿರುಗಿದರು. “ಮೇಲಕ್ಕೆ ಬನ್ರಪ್ಪ. ಸಿಕ್ಕಿರೋ ಒಬ್ಬ ಸಾಕು.”

“ಯಾರು ಸಿಕ್ಕಿದ್ದು?”

“ಮುನಿಶಾಮಪ್ಪ. ನೀನು ಮಳೇಲಿ ಬರ್ಲಿಲ್ಲ ಅಂತ ನಿನ್ನೆ ನಿನ್ನ ಹೆಂಡ್ತಿ ಎಲ್ರ ಬಾಗ್ಲಿಗೂ ಬಂದ್ಲು. ಮಳೆ ನಿಲ್ಲಲಿ, ಹೋಗಣ ಅಂದ್ವಿ ನಾವೆಲ್ಲ. ಅವನೊಬ್ಬ ಬ್ಯಾಟರಿ ತಗಂಡು ಬಂದ್ಬಿಟ್ಟ. ಕೋಡಿ ದಾಟೋವಾಗ ಜಾರಿರಬೇಕು. ಬೆಳಗ್ಗೆ ಸಿಕ್ದ. ನೀನೂ ಇಲ್ಲೇ ಎಲ್ಲೋ ಇರ್ತೀಯ ಅಂತ ಹುಡುಕ್ತಿದ್ವಿ.”

ಬೈಲಪ್ಪ ಬಲಗೈಯನ್ನು ಪಂಚೆಗೆ ಒರೆಸಿಕೊಂಡ. ರಾತ್ರಿಯ ಸಾರಿನ ವಾಸನೆ ಬೆರಳಲ್ಲಿ ಇನ್ನೂ ಇತ್ತು. ಮತ್ತೆ ಒರೆಸಿಕೊಂಡ.

*

ಊರಿಗೆ ಮಿಷನ್ನು ಬಂದದ್ದು ಇಬ್ಬರಿಂದ. ಜಾಗ, ಕಟ್ಟಡ ಮುನಿಶಾಮಪ್ಪನದು. ಎಂಜಿನ್ನು ಕೂರಿಸಿ ಓಡಿಸಿದವನು ಅವನ ಬಾಲ್ಯದ ಗೆಳೆಯ ಬೈಲಪ್ಪ. ಅದು ಬಂದ ಮೇಲೆ ಮನೆಮನೆಯ ರಾಗಿಕಲ್ಲು ಮೂಲೆ ಸೇರಿತು, ಬೀಸುವ ಪದಗಳು ನಿಂತವು. ಆ ಜಾಗಕ್ಕೆ ಮುನಿಶಾಮಪ್ಪನ ಕತೆಗಳು ಬಂದವು. ಸರದಿಗೆ ಕಾದು ಕೂತ ಹೆಂಗಸರಿಗೆ ಅವನು ಬೆಲ್ಟಿನ ಪಟಪಟ ಸದ್ದಿನ ಮೇಲೆ ಕೂಗಿ ಕೂಗಿ ಹೇಳುತ್ತಿದ್ದ. ಹುಬ್ಬು, ಮೀಸೆ, ರೆಪ್ಪೆಗೆಲ್ಲ ಅಕ್ಕಿಹಿಟ್ಟು ಕೂತ ಮುಖ. ಮಂಜಿನ ಸೀಮೆಯಿಂದ ಆಗ ತಾನೇ ಬಂದವನಂತೆ ಕಾಣುತ್ತಿದ್ದ.

“ನಾರ್ವೆ ಅಂತ ಒಂದು ದೇಶ. ಅಲ್ಲಿ ನಾನ್ಸೆನ್ ಅಂತ ಒಬ್ಬ. ಹಡಗನ್ನ ಬೇಕೂಂತಲೇ ಮಂಜಿಗೆ ಸಿಕ್ಕಿಸಿದ, ಗೊತ್ತಾ? ತಳ ಗುಂಡಗೆ ಮಾಡ್ಸಿದ್ದ. ಒದ್ದೆ ಬೆರಳಲ್ಲಿ ಹಲಸಿನ ಬೀಜ ಒತ್ತಿದ್ರೆ ಹೆಂಗೆ ಚಿಮ್ತದೆ, ಹಂಗೆ ಮಂಜು ಹಿಸುಕಿದಷ್ಟೂ ಹಡಗು ಮೇಲಕ್ಕೆ ಬರೋದು. ಆಮೇಲೆ ಅದೇ ಹಡಗನ್ನ ಅವನ ದೇಶದೋನೇ ಅಮುಂಡ್ಸೆನ್ ಅನ್ನೋನು ಇಸ್ಕಂಡ. ಬಡಗಲಿಗೆ ಹೋಗ್ತೀನಿ ಅಂದೋನು, ನಡುಸಮುದ್ರದಲ್ಲಿ ತೆಂಕಲಿಗೆ ತಿರುಗಿಸ್ಬಿಟ್ಟ.”

“ಸುಳ್ಳು ಹೇಳಿ ಹೋದ್ನಾ?”

“ನಿಜ ಹೇಳಿದ್ರೆ ಬಿಡ್ತಿರ್ಲಿಲ್ಲವಲ್ಲಮ್ಮ.”

ಅಲ್ಲಿಂದ ಚಕ್ರವಿಲ್ಲದ ಗಾಡಿ, ಅದನ್ನು ಎಳೆಯುವ ನಾಯಿಗಳ ಹಿಂಡು. “ಅಷ್ಟು ನಾಯಿಗೆ ಮುದ್ದೆ ತಿರುವೋರು ಯಾರಪ್ಪಾ?” ಎಂದು ಒಬ್ಬಳು ಕೇಳಿದರೆ ಉಳಿದವರು ನಗುತ್ತಿದ್ದರು. “ನಾಯಿಗಳೆಲ್ಲ ವಾಪಸ್ ಬಂದ್ವಾ?” ಎಂದು ಇನ್ನೊಬ್ಬಳು ಕೇಳಿದರೆ ಮುನಿಶಾಮಪ್ಪ, “ಬಂದ್ವು, ಬಂದ್ವು” ಎಂದು ಅವಳ ಮುಖ ನೋಡದೆ ಚೀಲ ಎತ್ತಿ ರಾಗಿ ಸುರಿಯುತ್ತಿದ್ದ. ದಕ್ಷಿಣ ಧ್ರುವದಲ್ಲಿ ಬಾವುಟ ನೆಟ್ಟಲ್ಲಿಗೆ ಕತೆ ಮುಗಿಯುತ್ತಿತ್ತು. ಅದರ ಮುಂದಕ್ಕೆ ಅವನು ಯಾವತ್ತೂ ಹೋದದ್ದಿಲ್ಲ.

ಮಿಷನ್ನು ಶುರುವಾದ ದಿನ ಬಂದ ಅತಿಥಿಗಳು ಹಾರ ಹಾಕಿದ್ದು ಮುನಿಶಾಮಪ್ಪನಿಗೆ ಮಾತ್ರ. ಬೈಲಪ್ಪ ಎಣ್ಣೆ ಕೈಯಲ್ಲಿ ಎಂಜಿನ್ನಿನ ಹಿಂದೆ ನಿಂತಿದ್ದ. ಅದನ್ನಾದರೂ ಮರೆಯುತ್ತಿದ್ದನೇನೋ. ಆದರೆ ಒಂದು ದಿನ ಸಂತೆಯಲ್ಲಿ ಯಾರೋ “ಮಿಷನ್ನು ನಿಮ್ಮಿಬ್ಬರದಾ?” ಎಂದು ಕೇಳಿದ್ದಕ್ಕೆ ಮುನಿಶಾಮಪ್ಪ, “ಬೈಲನಾ? ಅವನು ಸಂಬಳದ ಮಿಸ್ತ್ರಿ” ಎಂದುಬಿಟ್ಟ. ಮಾತು ಸಂಜೆಗೆ ಊರು ಮುಟ್ಟಿತು. ಬೈಲಪ್ಪ ಸ್ಪ್ಯಾನರನ್ನು ಅಲ್ಲೇ ಇಟ್ಟು ಹೊರಟ. ಮುಂದಿನ ಸುಗ್ಗಿಯ ಹೊತ್ತಿಗೆ ರಸ್ತೆಯ ಆಚೆ, ಸರಿಯಾಗಿ ಎದುರಿಗೆ, ಇನ್ನೊಂದು ಮಿಷನ್ನು ಕೂಗತೊಡಗಿತು. ಒಂಬತ್ತು ವರ್ಷ ಆ ರಸ್ತೆಯನ್ನು ಇಬ್ಬರಲ್ಲಿ ಒಬ್ಬರೂ ದಾಟಲಿಲ್ಲ.

*

ಮುನಿಶಾಮಪ್ಪನನ್ನು ಅವನ ಮನೆಯ ಜಗುಲಿಯ ಕೆಳಗೆ ಮಲಗಿಸಿದ್ದರು. ಮಳೆ ನಿಂತಿದ್ದರೂ ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಬೈಲಪ್ಪ ಬೆಲ್ಟನ್ನು ಯಾರದೋ ಕಟ್ಟೆಯ ಮೇಲೆ ಇಟ್ಟು ಬಂದ. ಏರಿಯ ಮೇಲೆ ಆಡಿದ ಮಾತು ಅವನಿಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ಜನ ಎರಡು ಪಾಲಾಗಿ ದಾರಿ ಬಿಟ್ಟರು. ಕೊನೆಯಲ್ಲಿ ಮುನಿಶಾಮಪ್ಪನ ಹೆಂಡತಿಯ ತಮ್ಮ ಕೊಂಡಪ್ಪ ಅಡ್ಡ ನಿಂತಿದ್ದ.

“ಅಲ್ಲೇ ನಿಲ್ಲು.”

“ಮುಖ ನೋಡ್ಕಂಡು ಹೋಗ್ತೀನಿ ಕೊಂಡಪ್ಪ.”

“ಒಂಬತ್ತು ವರ್ಷ ಎದುರಿಗೇ ಇತ್ತಲ್ಲ ಮುಖ, ಆಗ ನೋಡಬೇಕಾಗಿತ್ತು. ನೀನು ಕೋಳಿ ತಿಂದು ಮಲಗಿದ್ದೆ, ನಮ್ಮ ಭಾವ ನೀರು ಕುಡಿದು ಸತ್ರು. ಎಲ್ರ ಮುಂದೆ ಹೇಳ್ತಿದ್ದೀನಿ. ನಿನ್ನ ಕೈ ಮಣ್ಣು ಅವರ ಮೇಲೆ ಬೀಳಕೂಡದು.”

ಊರಿನಲ್ಲಿ ಎಂಥ ಜಗಳವಿದ್ದರೂ ಸತ್ತವನಿಗೆ ಒಂದು ಹಿಡಿ ಮಣ್ಣು ಹಾಕುವುದನ್ನು ಯಾರೂ ತಡೆಯುತ್ತಿರಲಿಲ್ಲ. ತಡೆದರೆ ಎರಡು ಮನೆಗಳಿಗೂ ಅಲ್ಲಿಗೆ ಮುಗಿಯಿತು, ಮಕ್ಕಳ ಕಾಲಕ್ಕೂ ಮುಗಿಯಿತು.

“ದುಡುಕಬ್ಯಾಡ ಕಣೋ” ಎಂದರು ದೊಡ್ಡಮುನಿಯಪ್ಪ.

“ದುಡುಕಿದೋರು ಅಲ್ಲಿ ಮಲಗವ್ರೆ ದೊಡ್ಡಪ್ಪ.”

ಬೈಲಪ್ಪ ಹಿಂದಕ್ಕೂ ಹೋಗಲಿಲ್ಲ, ಮುಂದಕ್ಕೂ ಬರಲಿಲ್ಲ. ಅವನ ಹೆಂಡತಿ ಮುನಿತಾಯಮ್ಮ ಎದುರು ಮನೆಯ ಗೋಡೆಗೆ ಒರಗಿ, ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದಳು. ಗಂಡ ಬದುಕಿ ಬಂದದ್ದಕ್ಕೆ ಅಳುವಂತೆಯೂ ಇರಲಿಲ್ಲ, ನಗುವಂತೆಯೂ ಇರಲಿಲ್ಲ. ಅವಳ ಪಕ್ಕದಲ್ಲಿ ಹೆಂಗಸರು ಮೆಲ್ಲಗೆ ಮಾತಾಡುತ್ತಿದ್ದರು. ಅಷ್ಟೇನೂ ಮೆಲ್ಲಗಲ್ಲ.

“ಕಟ್ಕಂಡೋಳು ಬ್ಯಾಡ ಅಂತ ಕಾಲು ಹಿಡಿದ್ರೂ ಕೇಳ್ಲಿಲ್ವಂತೆ.”

“ಇವಳು ಬಂದು ಕರೆದ ತಕ್ಷಣ ಎದ್ದನಂತಲ್ಲ.”

“ಮಾತಿಲ್ಲದ ಮನೆಗೆ ಅಷ್ಟೊಂದು ಅಕ್ಕರೆ ಎಲ್ಲಿಂದ ಬಂತಮ್ಮ?”

ಮುನಿತಾಯಮ್ಮ ತಲೆ ಎತ್ತಲಿಲ್ಲ. ಹೆಣದ ತಲೆಯ ಹತ್ತಿರ ಕೂತಿದ್ದ ಮುನಿಶಾಮಪ್ಪನ ಹೆಂಡತಿ ಗಂಗಲಕ್ಷ್ಮಮ್ಮ ಎತ್ತಿದಳು. ಅವಳಿಗೂ ಕೇಳಿಸಿತ್ತು.

*

ಆಗ ಬೈಲಪ್ಪ, ಮುನಿಶಾಮಪ್ಪ ಇಬ್ಬರಿಗೂ ಹನ್ನೆರಡು ವರ್ಷ. ಜಡಿಗೇನಹಳ್ಳಿಯ ಇಸ್ಕೂಲಿನ ಮೇಷ್ಟ್ರು ಬೆಂಗಳೂರಿನಿಂದ ತಡವಾಗಿ ಬರುತ್ತಿದ್ದ ಪೇಪರನ್ನು ಓದಿ ಹೇಳುತ್ತಿದ್ದರು. ಆ ಮಳೆಗಾಲದಲ್ಲಿ ಪೇಪರಿನ ತುಂಬ ಒಂದೇ ಸುದ್ದಿ: ಉತ್ತರದ ಮಂಜಿನ ಮೇಲೆ ಬಿದ್ದ, ದೊಡ್ಡ ಬಲೂನಿನಂಥ ಗಾಳಿಹಡಗು, ಬಿದ್ದವರನ್ನು ಹುಡುಕಲು ಹೋದವರು.

ಊರ ಕೆರೆಗೆ ಇನ್ನೂ ನೀರು ಬಂದಿರಲಿಲ್ಲ. ಬರಿದಾದ ಅಂಗಳದಲ್ಲಿ ಉಪ್ಪು ಸವಳು ಬೆಳ್ಳಗೆ ಹಕ್ಕಳೆ ಕಟ್ಟಿತ್ತು. ಅದೇ ಅವರ ಮಂಜು. ಒಂದು ಸಂಜೆ ಬೈಲ ಕಳೆದುಹೋದವನಾದ, ಮುನಿಶಾಮ ಹುಡುಕುವವನಾದ. ಬೈಲ ಜಾಲಿಯ ಹಿಂದೆ ಸ್ವಲ್ಪ ಹೊತ್ತು ಬಚ್ಚಿಟ್ಟುಕೊಂಡ. ಹಸಿವಾಯಿತು, ಮನೆಗೆ ಹೋದ, ಉಂಡ, ಮಲಗಿದ.

ದೀಪ ಹಚ್ಚಿದ ಮೇಲೆ ಬಾಗಿಲಲ್ಲಿ ಮುನಿಶಾಮ ನಿಂತಿದ್ದ. ಅಂಗಾಲಲ್ಲಿ ಮುಳ್ಳು, ಮೊಣಕಾಲಲ್ಲಿ ರಕ್ತ. “ಇಲ್ಲಿದ್ದೀಯಾ? ಸರಿ ಬಿಡು” ಎಂದಷ್ಟೇ ಹೇಳಿ ಕುಂಟುತ್ತಾ ಹೊರಟುಹೋದ. ಬೈಲ ಹಾಸಿಗೆಯಿಂದ ಏಳಲೂ ಇಲ್ಲ.

*

“ಬೈಲಣ್ಣನ್ನ ಬಿಡು ಕೊಂಡ” ಎಂದಳು ಗಂಗಲಕ್ಷ್ಮಮ್ಮ. “ಅವರನ್ನ ಒಂದು ಮಾತು ಕೇಳಬೇಕು.”

ಕೊಂಡಪ್ಪ ಒಂದು ಹೆಜ್ಜೆಯಷ್ಟೇ ಸರಿದ. ಬೈಲಪ್ಪ ಬಂದು ಹೆಣದ ಕಾಲ ಕಡೆ ಕುಕ್ಕರಗಾಲಲ್ಲಿ ಕೂತ. ಮುನಿಶಾಮಪ್ಪನ ಮೀಸೆಯನ್ನು ತೊಳೆದಿದ್ದರು. ಹಿಟ್ಟಿಲ್ಲದ ಆ ಮೀಸೆ ಅಷ್ಟು ನರೆತಿದೆಯೆಂದು ಬೈಲಪ್ಪನಿಗೆ ಗೊತ್ತಿರಲಿಲ್ಲ.

“ನಿನ್ನೆ ಬಾಗಿಲಿಗೆ ಅಡ್ಡ ನಿಂತು ಕೇಳ್ದೆ” ಎಂದಳು. “ಅವನು ನಿಮ್ಮನ್ನ ಹಾಳು ಮಾಡ್ದೋನಲ್ವಾ, ಊರಲ್ಲಿ ಬೇರೆ ಗಂಡಸರಿಲ್ವಾ ಅಂದೆ. ಮಾತಾಡ್ಲಿಲ್ಲ. ನನ್ನ ಭುಜ ಹಿಡಿದು ಪಕ್ಕಕ್ಕೆ ಸರಿಸಿ ಹೋದ್ರು. ಜನ ಏನೇನೋ ಅಂತಾರೆ. ಯಾಕೆ ಹೋದ್ರು ಅಂತ ನಿಮಗಾದ್ರೂ ಗೊತ್ತಾ?”

ಬೈಲಪ್ಪ ಅವಳ ಕಡೆ ತಿರುಗಿದ.

“ಅತ್ತಿಗೆ, ಆ ನಾರ್ವೆ ಕತೆಗೆ ಇನ್ನೂ ಒಂದು ತುದಿ ಐತೆ. ಅವನು ಯಾರಿಗೂ ಹೇಳ್ಲಿಲ್ಲ.”

“ಹೆಣದ ಮುಂದೆ ಕತೆನಾ?” ಎಂದ ಕೊಂಡಪ್ಪ.

“ಹೇಳ್ಲಿ” ಎಂದಳು.

“ಅಮುಂಡ್ಸೆನ್‌ಗೂ ಇಟಲಿಯ ನೊಬಿಲೆ ಅನ್ನೋನಿಗೂ ದೊಡ್ಡ ಜಗಳ. ಇಬ್ರೂ ಒಂದೇ ಗಾಳಿಹಡಗಲ್ಲಿ ಉತ್ತರ ಧ್ರುವ ದಾಟಿದೋರು. ಅದನ್ನ ಕಟ್ಟಿ ಓಡ್ಸಿದೋನು ನೊಬಿಲೆ. ಇಳಿದ ಮೇಲೆ ಹೆಸರು ಯಾರಿಗೆ ಅಂತ ಶುರುವಾಯ್ತು. ಅಮುಂಡ್ಸೆನ್ ಅಂದ, ಅವನು ಸಂಬಳಕ್ಕೆ ಬಂದೋನು ಅಂತ.”

ದೊಡ್ಡಮುನಿಯಪ್ಪ ಕಂಬಳಿಯನ್ನು ಬಿಗಿಯಾಗಿ ಎಳೆದುಕೊಂಡರು. ಸಂತೆಯ ಮಾತು ಅಲ್ಲಿದ್ದ ಎಲ್ಲರಿಗೂ ನೆನಪಿತ್ತು.

“ಯಾರ ಕತೆ ಹೇಳ್ತಿದ್ದೀಯ ನೀನು?” ಎಂದ ಕೊಂಡಪ್ಪ.

“ಅವರ ಕತೇನೇ ಕಣಪ್ಪ. ಪೇಪರಲ್ಲಿ ಬಂದಿದ್ದು. ಎರಡು ವರ್ಷ ಆದ್ಮೇಲೆ ನೊಬಿಲೆ ಇನ್ನೊಂದು ಗಾಳಿಹಡಗು ತಗಂಡು ಹೋಗಿ ಮಂಜಿನ ಮೇಲೆ ಬಿದ್ದ. ಹುಡುಕೋಕೆ ಬರ್ತೀಯಾ ಅಂತ ಅಮುಂಡ್ಸೆನ್‌ನ ಕೇಳಿದ್ರು. ಈಗಲೇ ಹೊರಟೆ ಅಂದನಂತೆ.”

“ಸಿಕ್ಕಿದ್ನಾ?” ಎಂದಳು ಗಂಗಲಕ್ಷ್ಮಮ್ಮ.

“ನೊಬಿಲೆ ಸಿಕ್ದ. ಬೇರೆ ಯಾರೋ ಹೋಗಿ ಕರ್ಕಂಡು ಬಂದ್ರು.” ಬೈಲಪ್ಪ ಮುನಿಶಾಮಪ್ಪನ ಮುಖದ ಕಡೆ ನೋಡಿದ. “ಅಮುಂಡ್ಸೆನ್ ಬರ್ಲಿಲ್ಲ. ಹೆಣಾನೂ ಸಿಗ್ಲಿಲ್ಲ. ಇದಕ್ಕೇ ಇವನು ಹೋದ ಅಂತ ನಾನು ಹೇಳ್ತಿಲ್ಲ ಅತ್ತಿಗೆ. ಇದು ಅವನಿಗೆ ಗೊತ್ತಿತ್ತು, ಅಷ್ಟೇ. ನನ್ನ ಪಕ್ಕದಲ್ಲೇ ಕೂತು ಕೇಳಿದ್ದ.”

ಸೂರಿನ ನೀರು ತೊಟ್ಟಿಕ್ಕುತ್ತಲೇ ಇತ್ತು. ಗಂಗಲಕ್ಷ್ಮಮ್ಮ ಗಂಡನ ಹಣೆಯ ಮೇಲೆ ಕೂತ ನೊಣವನ್ನು ಓಡಿಸಿದಳು.

“ಆ ನಾರ್ವೆಯೋನಿಗೆ ಹೆಂಡ್ತಿ ಇದ್ಲಾ?”

“ಇಲ್ಲ. ಮದುವೇನೇ ಆಗಿರ್ಲಿಲ್ಲ.”

“ಹಂಗಾದ್ರೆ ಅವನು ಹೋಗಬಹುದಾಗಿತ್ತು” ಎಂದಳು.

ಅವಳು ಬೈಲಪ್ಪನನ್ನು ಬಿಟ್ಟು ಎದುರು ಗೋಡೆಯ ಕಡೆ ನೋಡಿ, ಎಲ್ಲರಿಗೂ ಕೇಳುವಂತೆ ಕರೆದಳು: “ಮುನಿತಾಯಿ, ಒಬ್ಬಳೇ ಅಲ್ಯಾಕೆ ಕೂತಿದ್ದೀಯೆ? ಬಾ ಇಲ್ಲಿ, ನನ್ನ ಪಕ್ಕ ಕೂತ್ಕ.”

ಮುನಿತಾಯಮ್ಮ ಎದ್ದು ಬರುವಾಗ ಪಕ್ಕದ ಹೆಂಗಸರು ಕಾಲು ಮಡಚಿ ದಾರಿ ಮಾಡಿದರು. ಬೈಲಪ್ಪ ಮಣ್ಣು ಹಾಕುವ ವಿಷಯಕ್ಕೆ ಗಂಗಲಕ್ಷ್ಮಮ್ಮ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

“ಕತೆ ಆಯ್ತಲ್ಲ” ಎಂದ ಕೊಂಡಪ್ಪ. “ನಾನಂದಿದ್ದು ನೆನಪಿರಲಿ.”

*

ಕೆರೆಯ ಮಗ್ಗುಲಿನ ಹೊಲದಲ್ಲಿ ಗುಂಡಿ ತೋಡಿದ್ದರು. ಹೆಣ ತಂದು ಪಕ್ಕದಲ್ಲಿ ಇಳಿಸುವ ಹೊತ್ತಿಗೆ ಅದರಲ್ಲಿ ಮೊಣಕಾಲುದ್ದ ನೀರು ಜಿನುಗಿ ನಿಂತಿತ್ತು. ಡಬ್ಬದಲ್ಲಿ ಎತ್ತಿ ಚೆಲ್ಲಿದರು. ಎತ್ತಿದಷ್ಟೂ ಬಂತು. ಅಂಚಿನ ಮಣ್ಣು ಹೆಂಟೆ ಹೆಂಟೆಯಾಗಿ ಕುಸಿಯತೊಡಗಿದಾಗ ಗುಂಡಿಯೊಳಗಿದ್ದ ಇಬ್ಬರೂ ಹೆದರಿ ಮೇಲೆ ಹತ್ತಿದರು.

“ಬೇರೆ ಕಡೆ ತೋಡಣ” ಎಂದ ಒಬ್ಬ.

“ಎಲ್ಲಿ ತೋಡಿದ್ರೂ ಇವತ್ತು ನೀರೇ” ಎಂದರು ದೊಡ್ಡಮುನಿಯಪ್ಪ. “ಹೊತ್ತು ಮುಳುಗ್ತದೆ. ಯಾರಾದ್ರೂ ಇಳೀರಪ್ಪ.”

ಕೊಂಡಪ್ಪ ಒಬ್ಬನೇ ಇಳಿದ. ಡಬ್ಬ ತುಂಬಿ ತಲೆಯ ಮೇಲಕ್ಕೆ ಎತ್ತಿದ, ಚೆಲ್ಲಿದ. ಅರ್ಧ ನೀರು ಅವನ ಮೈಮೇಲೇ ಬಿತ್ತು. ಮತ್ತೆ ತುಂಬಿದ. ಬಲಗಡೆಯ ಅಂಚು ಸೀಳಿ ಒಂದು ದೊಡ್ಡ ಹೆಂಟೆ ಅವನ ಬೆನ್ನ ಹಿಂದೆ ಧೊಪ್ಪನೆ ಬಿತ್ತು. ಹೆಂಗಸರು ಕಿರುಚಿದರು.

ಗುಂಪಿನಿಂದ ದೂರ, ಬದುವಿನ ಮೇಲೆ ನಿಂತಿದ್ದ ಬೈಲಪ್ಪ ಬಂದು ಗುಂಡಿಗೆ ಧುಮುಕಿದ.

“ನಿನ್ನ ಯಾರು ಕರೆದ್ರು?”

“ಯಾರೂ ಕರೀಲಿಲ್ಲ” ಎಂದ ಬೈಲಪ್ಪ. ಕುಸಿಯುತ್ತಿದ್ದ ಅಂಚಿಗೆ ಬೆನ್ನು ಕೊಟ್ಟು ನಿಂತು ಕೈ ಚಾಚಿದ. “ಕೊಡು ಇಲ್ಲಿ.”

ಕೊಂಡಪ್ಪ ಅವನ ಮುಖ ನೋಡಲಿಲ್ಲ. ಡಬ್ಬ ಕೊಟ್ಟ. ಒಬ್ಬ ತುಂಬಿ ಎತ್ತಿದ, ಇನ್ನೊಬ್ಬ ಇಸಿದುಕೊಂಡು ಚೆಲ್ಲಿದ. ನೀರು ಪಾದದವರೆಗೆ ಇಳಿದಾಗ ಮೇಲಿನಿಂದ ಹೆಣವನ್ನು ಇಳಿಸಿದರು. ಕೊಂಡಪ್ಪ ಕಾಲು ಹಿಡಿದ. ತಲೆ ಬೈಲಪ್ಪನ ತೋಳಿಗೆ ಬಂತು.

“ತಲೆ ದಕ್ಷಿಣಕ್ಕೆ ಬರ್ಲಿ” ಎಂದರು ದೊಡ್ಡಮುನಿಯಪ್ಪ.

ತಿರುಗಿಸಿ ಮಲಗಿಸಿದರು. ಕೊಂಡಪ್ಪ ಮೇಲೆ ಹತ್ತಿ, ಮೊದಲ ಹಿಡಿ ಮಣ್ಣು ತೆಗೆದುಕೊಂಡ. ಕೆಳಗೆ ನೀರು ಮತ್ತೆ ಜಿನುಗತೊಡಗಿತ್ತು. ತಲೆಗೆ ಆಸರೆಯಾಗಿ ಇಟ್ಟಿದ್ದ ಮಣ್ಣು ಕರಗುತ್ತಿತ್ತು. ಬೈಲಪ್ಪ ಮಂಡಿಯೂರಿ ಮುನಿಶಾಮಪ್ಪನ ತಲೆಯ ಕೆಳಗೆ ಅಂಗೈ ಕೊಟ್ಟು, ಕಿವಿಗೆ ನೀರು ತಾಗದಂತೆ ಎತ್ತಿ ಹಿಡಿದಿದ್ದ.

“ಕೈ ತಗಿಯೋ ಬೈಲ” ಎಂದರು ದೊಡ್ಡಮುನಿಯಪ್ಪ. “ಮಣ್ಣು ಹಾಕಬೇಕು.”

ಬೈಲಪ್ಪ ತೆಗೆಯಲಿಲ್ಲ. ನೀರು ಅವನ ಮಣಿಕಟ್ಟು ದಾಟಿತು. ಮೇಲೆ ಕೊಂಡಪ್ಪ ಮುಷ್ಟಿ ಮುಂದಕ್ಕೆ ಚಾಚಿ ನಿಂತಿದ್ದ. ಒದ್ದೆ ಮಣ್ಣು ಬೆರಳ ಸಂದಿಯಿಂದ ಸೋರಿ ಅವನ ಪಾದದ ಮೇಲೆ ಬೀಳುತ್ತಿತ್ತು. ಅವನು ಮುಷ್ಟಿ ಬಿಚ್ಚಲಿಲ್ಲ, ಕಾಯುತ್ತಿದ್ದ.