ಕೆಂಪು ಸೀರೆ ಇದ್ದ ಜಾಗ

"ಲೇ ಮುದಿ ಗೂಬೆ, ಕ್ಯಾಮೆರಾ ಏನ್ ನಿಮ್ಮಪ್ಪನ ಮನೆ ಕನ್ನಡೀನಾ? ನೋಡ್ಬೇಡ ಅಂತ ಎಷ್ಟು ಸಲ ಬಡ್ಕೋಬೇಕು?"

ನೋಡಿದ್ದು ನಾನಲ್ಲ, ನನ್ನ ಹಿಂದೆ ಕೂತವನು. ಆದರೆ ನಮ್ಮನ್ನು ಕರೆತಂದ ಮೇಸ್ತ್ರಿಯ ಬಾಯಿಗೆ ಸಿಕ್ಕಿದ್ದು ನನ್ನ ಮುಖ. ಸರಿ ಸ್ವಾಮಿ ಅಂದೆ. ಸಿನಿಮಾದ ಗುಂಪಿನಲ್ಲಿ ಕೂರುವ ಕೆಲಸಕ್ಕೂ ನಿಯಮಗಳಿವೆ. ಕ್ಯಾಮೆರಾ ನೋಡಬಾರದು. ಸದ್ದು ಮಾಡಬಾರದು. ಕೂರಿಸಿದ ಜಾಗದಿಂದ ಕದಲಬಾರದು. ಇವುಗಳಲ್ಲೇ ತಲೆ ನರೆಸಿಕೊಂಡವನು ನಾನು. ಎಷ್ಟೋ ಯುದ್ಧಗಳಲ್ಲಿ ಸತ್ತಿದ್ದೇನೆ. ಯಾವ ರಾಜನಿಗಾಗಿ ಅಂತ ಒಮ್ಮೆಯೂ ಕೇಳಿಲ್ಲ.

ಅವತ್ತು ನಾವು ಗಿರಣಿಯ ಕೂಲಿಗಳು. ತಲೆ ಬಗ್ಗಿಸಿ ಕೂತಿರಬೇಕು. ಹೀರೋ ಲಾರಿ ಹತ್ತಿ ಮಾತಾಡಿ ಕೊನೆಗೆ 'ಎದ್ದೇಳಿ' ಅಂದಾಗ ಎಲ್ಲರೂ ಒಟ್ಟಿಗೆ ಏಳಬೇಕು. ಹೀರೋ ಮಾತು ಮರೆಯುತ್ತಿದ್ದ. ಮರೆತಾಗಲೆಲ್ಲ ಅವನಿಗೆ ಕೊಡೆ, ತಣ್ಣನೆ ನೀರು. ನಮಗೆ ಬಿಸಿಲು.

ಪಕ್ಕದಲ್ಲಿ ನನ್ನ ತಂಗಿ, ಸಿನಿಮಾದವರು ಉಡಿಸಿದ ಕೆಂಪು ಸೀರೆಯಲ್ಲಿ. ಬೆಳಿಗ್ಗೆಯೇ ಜ್ವರ ಇತ್ತು. ಬರಬೇಡ ಅಂದದ್ದಕ್ಕೆ, ಕೂತಿರೋ ಕೆಲಸ ತಾನೇ ಅಂದಿದ್ದಳು. ಮಧ್ಯಾಹ್ನ ಕೂತಲ್ಲೇ ವಾಲಿಬಿಟ್ಟಳು. ಎತ್ತಿಕೊಂಡು ಹೋಗಿ ಗಿರಣಿ ಗೋಡೆಯ ಹಿಂದೆ ಮಲಗಿಸಿದೆವು. ಗೋಡೆ ಅಂದರೆ ಬಣ್ಣ ಬಳಿದ ಹಲಗೆ.

ಸಹಾಯಕ ನಿರ್ದೇಶಕ ಓಡಿ ಬಂದ. ಡಾಕ್ಟರನ್ನು ಕರೆಸುತ್ತಾನೆ ಅಂದುಕೊಂಡೆ. ಅವನು ನೋಡಿದ್ದು ಸೀರೆಯನ್ನು. ಹೀರೋನ ಕಾಲಬುಡದ ಕೆಂಪು ಸೀರೆ ಆಗಲೇ ಚಿತ್ರದಲ್ಲಿ ಬಂದುಬಿಟ್ಟಿದೆ, ಅದು ಅಲ್ಲಿ ಇರಲೇಬೇಕು, ಉಟ್ಟವಳು ಯಾರಾದರೂ ಆದೀತು ಅಂದ.

"ಬಿಚ್ಚಿ ಇನ್ನೊಬ್ಬಳಿಗೆ ಉಡ್ಸಿ."

ಅವಳ ಸ್ವಂತ ಸೀರೆ ವ್ಯಾನಿನಲ್ಲಿತ್ತು. ವ್ಯಾನಿನ ಬೀಗದ ಕೈ ಊಟಕ್ಕೆ ಹೋದವನ ಜೇಬಿನಲ್ಲಿತ್ತು. ಅವನು ಬರುವತನಕ ತಡೀರಿ ಅಂತ ಕೈ ಮುಗಿದೆ.

"ಬೆಳಕು ಹೋಗುತ್ತೆ ಕಣೋ ಬೋಳಿಮಗನೆ," ಅಂದ ಮೇಸ್ತ್ರಿ. "ಒಂಚೂರು ಪ್ರೊಫೆಷನಲ್ಲಾಗಿ ಇರೋದ್ ಕಲಿ."

ಬಟ್ಟೆ ನೋಡಿಕೊಳ್ಳುವವನು ಸೆರಗು ಹಿಡಿದು ಎಳೆದ. ತಂಗಿ ಮಗ್ಗುಲಿಂದ ಮಗ್ಗುಲಿಗೆ ಹೊರಳಿದಳು. ಅರೆಗಣ್ಣು ಬಿಟ್ಟಳು.

"ಅಣ್ಣ, ಬಾಗಿಲು ಹಾಕು."

ಬಾಗಿಲು ಹಲಗೆಯ ಆಚೆ ಬದಿಗೆ ಬಣ್ಣದಲ್ಲಿ ಬರೆದದ್ದು. ನನ್ನ ಅಂಗಿ ಬಿಚ್ಚಿ ಹೊದಿಸಿದೆ. ಅಂಗಿಯೂ ಚಿತ್ರದಲ್ಲಿ ಬಂದಿದೆ ಅಂತ ಅದನ್ನೂ ಎಳೆದು ನನ್ನ ಮೈಮೇಲೆ ಎಸೆದರು. ಕೊನೆಗೆ ಒಂದು ಗೋಣಿಚೀಲ ಸಿಕ್ಕಿತು. ಅದನ್ನು ಹೊದಿಸುತ್ತಲೇ ನನ್ನನ್ನು ಮತ್ತೆ ನನ್ನ ಜಾಗಕ್ಕೆ ಅಟ್ಟಿದರು.

ಕೆಂಪು ಸೀರೆ ಉಟ್ಟು ತಂಗಿಯ ಜಾಗದಲ್ಲಿ ಬಂದು ಕೂತವಳು ನಮ್ಮ ಬೀದಿಯ ಬೊಚ್ಚುಬಾಯಿ ಹೆಂಗಸು. ಬಾಯಿ ತೆಗೆದರೆ ಮುಚ್ಚದವಳು. ಸೆರಗನ್ನು ಅಂಗೈಯಲ್ಲಿ ಹಿಡಿದು ನೋಡಿದಳು.

"ಸೀರೆ ಇನ್ನೂ ಸುಡ್ತಾ ಇದೆ ಕಣಣ್ಣ," ಅಂದಳು. "ಅವಳ ಬಟ್ಟೆ ಅವಳ ಮೈಮೇಲೆ ಬರೋತನಕ ನಾನಂತೂ ಏಳಲ್ಲ."

ನಾನೂ ಏಳಲ್ಲ ಅಂದೆ. ಆ ಮಾತು ಸಾಲಿನಿಂದ ಸಾಲಿಗೆ ಹೋಯಿತು, ತುಟಿ ಅಲುಗದ ಹಾಗೆ. ಅದೂ ಈ ಕೆಲಸ ಕಲಿಸಿದ ವಿದ್ಯೆಯೇ.

ಈ ಸಲ ಹೀರೋ ಒಂದು ಮಾತೂ ಮರೆಯಲಿಲ್ಲ. ಮುಷ್ಟಿ ಎತ್ತಿದ.

"ಎದ್ದೇಳಿ!"

ಯಾರೂ ಏಳಲಿಲ್ಲ. ಇನ್ನೊಮ್ಮೆ ಅಂದ. ಮೈಕಿನಲ್ಲಿ ಮೇಸ್ತ್ರಿ ನಮ್ಮ ಅವ್ವ ಅಪ್ಪಂದಿರನ್ನೆಲ್ಲ ಎಬ್ಬಿಸಿದ. ಹೀರೋ ಮುಷ್ಟಿ ಇಳಿಸಲೋ ಬೇಡವೋ ಅಂತ ನಿರ್ದೇಶಕನ ಕಡೆ ನೋಡುತ್ತಿದ್ದ.

ನಾವು ಸದ್ದು ಮಾಡಲಿಲ್ಲ. ಕೂರಿಸಿದ ಜಾಗದಿಂದ ಕದಲಲಿಲ್ಲ. ಕ್ಯಾಮೆರಾ ಕಡೆ ಒಬ್ಬರೂ ನೋಡಲಿಲ್ಲ.