ಮಜ್ಜಿಗೆಯವಳ ಕಲ್ಲಿಗೆ ಮೂರು ಆಧಾರ

ಯಾರಿಗೂ ಹೇಳದ್ದನ್ನು ಶುಕ್ರವಾರ ಡೈರಿಯಲ್ಲಿ ಬರೆದುಕೊಂಡೆ: ನನ್ನ ಎಂ.ಎ. ಪ್ರಬಂಧದ ಮೂರನೇ ಅಧ್ಯಾಯದ ಮೇಲೆ ನನಗೇ ನಂಬಿಕೆಯಿಲ್ಲ.

ಪೂರಿಗಾಲಿ ಕಡೆಯ ಒಂದು ಹಳ್ಳಿಯ ಕೆರೆ ಏರಿಯ ಮೇಲೆ ಹಳೇ ಕಲ್ಲೊಂದಿದೆ. ಅದು ದಂಡಿನವರಿಗೆ ಮಜ್ಜಿಗೆ ಕೊಟ್ಟು ಸತ್ತ ಹೆಂಗಸಿನ ನೆನಪಿನ ಕಲ್ಲು ಎಂದು ಬರೆದಿದ್ದೆ. ಆಧಾರಕ್ಕೆ ಮೂರು ಲೇಖನಗಳಿದ್ದವು. "ಮೂರಿದ್ರೆ ಗಟ್ಟಿ ಕಣಮ್ಮ, ಸೋಮವಾರ ಸಹಿ ಹಾಕ್ತೀನಿ," ಎಂದಿದ್ದರು ನನ್ನ ಗೈಡ್ ರಾಜೇಂದ್ರ ಸರ್. ಆದರೆ ಮೂರರಲ್ಲೂ ಅದೇ ವಾಕ್ಯ, ಒಂದು ಪದವೂ ಆಚೀಚೆ ಇಲ್ಲ.

ಶನಿವಾರ ಅಡಿಟಿಪ್ಪಣಿಗಳನ್ನು ಹಿಡಿದು ಕೂತೆ. ಎರಡು ಲೇಖನದವರು ಮೂರನೆಯದರಿಂದ ಎತ್ತಿಕೊಂಡಿದ್ದರು. ಆ ಮೂರನೆಯದು ಸರ್ ಅವರದೇ. ಅದರ ಕೆಳಗೆ ಇದ್ದದ್ದು ಇಷ್ಟು: "ಹೇಳಿಕೆ: ಪಟ್ಟಲಮ್ಮ, ಊರಿನ ಹಿರಿಯರು."

ಭಾನುವಾರ ಗುತ್ತಲಿನ ಮನೆಯಿಂದ ಹೊರಟು ಮಳವಳ್ಳಿಯಲ್ಲಿ ಬಸ್ಸು ಬದಲಿಸಿದೆ. ಪಟ್ಟಲಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

"ಆ ಕಲ್ಲಾ? ಅದ್ರ ಮ್ಯಾಲೆ ಬಟ್ಟೆ ಒಗೀತಿದ್ವಿ ಕಣವ್ವ."

"ಮಜ್ಜಿಗೆ ಕೊಟ್ಟೋಳ ಕತೆ ಯಾರು ಹೇಳಿದ್ರಜ್ಜಿ?"

"ಕಾಲೇಜು ಮೇಸ್ಟ್ರು ಬಂದಿದ್ರಲ್ಲ, ಅವ್ರೇಯ. 'ದಂಡಿನೋರ್ಗೆ ಮಜ್ಜಿಗೆ ಕೊಟ್ಟೋಳ ಕಲ್ಲು ಇರ್ಬೋದಾ ಅಜ್ಜಿ' ಅಂದ್ರು. ಅಷ್ಟು ದೂರದಿಂದ ಬಂದೋರ್ಗೆ ಇಲ್ಲ ಅನ್ನಾಕಾಯ್ತದಾ? ಊಂ ಅಂದೆ. ಪಾಪ, ಕುಸಿಯಾಗ್ಬುಟ್ರು! ಈಗ ಮೊಮ್ಮಕ್ಳಿಗೂ ಅದ್ನೇ ಯೋಳ್ತೀನಿ. ನೀನೂ ಬರ್ಕೋ."

ನನಗೆ ಅಲ್ಲೇ ಕುಣಿಯಬೇಕೆನಿಸಿತು. ಬಸ್ಸಿನಲ್ಲಿ ಫೋನೆತ್ತಲೂ ನಾಚುವ ನಾನು ಗೆಳತಿ ದೀಪಿಕಳಿಗೆ ಕಿರುಚಿಯೇ ಹೇಳಿದೆ: "ಸುತ್ತಿ ಸುತ್ತಿ ಸರ್ ಹತ್ರಕ್ಕೇ ಬಂತು ಕಣೇ!" ಮುಂದಿನ ಸೀಟಿನವರು ತಿರುಗಿ ನೋಡಿದರು. ನೋಡಲಿ.

"ಲೇ ಶಾಲಿನಿ, ಬಾಯ್ಮುಚ್ಕೊಂಡು ಸಹಿ ಹಾಕಿಸ್ಕೊ. ಸರ್‌ಗೇ ತಪ್ಪು ಅಂದ್ರೆ ನಿನ್ ವರ್ಷ ಓಯ್ತದೆ ಅಷ್ಟೆ," ಎಂದಳು ದೀಪಿಕ.

ಸೋಮವಾರ ಸರ್ ಪೆನ್ನಿನ ಕ್ಯಾಪು ತೆಗೆದರು. ಪಕ್ಕದಲ್ಲಿದ್ದ ದೀಪಿಕ ನನ್ನ ಕಾಲು ತುಳಿದಳು. ಇಷ್ಟು ದಿನ ಅವರ ಮುಂದೆ "ಸರಿ ಸರ್" ಬಿಟ್ಟು ಬೇರೆ ಮಾತಾಡಿದವಳಲ್ಲ ನಾನು. ಹೆದರಿಕೆ ಎಷ್ಟಿತ್ತೋ ಹಿಗ್ಗೂ ಅಷ್ಟೇ ಇತ್ತು. ಸಹಿಯ ಜಾಗದ ಮೇಲೆ ಅಂಗೈ ಇಟ್ಟುಬಿಟ್ಟೆ.

"ಏನಮ್ಮಾ ಇದು?"

"ಸಹಿ ಹಾಕ್ಬೇಡಿ ಸರ್. ಇಲ್ಲಿ ಆಧಾರ ಮೂರಿಲ್ಲ, ಒಂದೂ ಇಲ್ಲ. ಆ ಕತೆ ಅಜ್ಜಿ ನಿಮಗೆ ಹೇಳಿದ್ದಲ್ಲ, ನೀವೇ ಅಜ್ಜಿಗೆ ಹೇಳಿದ್ದು."