ನೀರು ಚೆಲ್ಲಿ ನೋಡುವವರು

ನಮ್ಮ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದ ಹಿರಿಯರು ಎಲ್ಲಿಗೇ ಹೋಗಲಿ, ಮೋಟಾರ್‌ಸೈಕಲ್ಲಿನಿಂದ ಇಳಿಯುವ ಮೊದಲು ಕೋಟಿನ ಜೇಬಿನಿಂದ ಒಂದು ಪುಟ್ಟ ಸೀಸೆ ತೆಗೆದು ನೆಲದ ಮೇಲೆ ಎರಡು ಗುಟುಕಿನಷ್ಟು ನೀರು ಚೆಲ್ಲುತ್ತಿದ್ದರು. ಚೆಲ್ಲಿ, ಕತ್ತು ಬಗ್ಗಿಸಿ, ಕನ್ನಡಕವನ್ನು ಹಣೆಗೇರಿಸಿ, ಆ ನೀರು ಎತ್ತ ಹರಿಯುತ್ತದೆಂದು ತದೇಕಚಿತ್ತದಿಂದ ನೋಡುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನಿದನ್ನು ಯಾವುದೋ ಹರಕೆಯೆಂದೇ ಭಾವಿಸಿ, ಕೇಳಿದರೆ ಎಲ್ಲಿ ನೊಂದುಕೊಳ್ಳುತ್ತಾರೋ ಎಂದು ಮೂರು ವಾರ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ನಾಲ್ಕನೆಯ ವಾರ ತಡೆಯಲಾರದೆ ಕೇಳಿಯೇಬಿಟ್ಟೆ.

“ಇಳಿಜಾರು ಯಾವ ಕಡೆ ಅಂತ ನೋಡ್ತೀನಿ ಕಣ್ರೀ. ಮೂತಿ ಆ ಕಡೆ ತಿರುಗಿಸಿ ನಿಲ್ಲಿಸಿದ್ರೆ ಸಂಜೆ ಮರ್ಯಾದೆಯಾಗಿ ಮನೆ ಸೇರ್ಬಹುದು,” ಎಂದರು.

ಸಂಗತಿ ಇಷ್ಟೇ. ಅವರ ಗಾಡಿಯ ಕಿಕ್ಕರ್ ಒಳಗಿನ ಹಲ್ಲುಗಳು ಸವೆದು ಎಷ್ಟೋ ವರ್ಷಗಳಾಗಿದ್ದವು. ಒದ್ದರೆ ಕಾಲು ಗಾಳಿಗೆ ಒದ್ದಂತೆ ಕೆಳಗೆ ಹೋಗುತ್ತಿತ್ತೇ ಹೊರತು ಇಂಜಿನ್ನು ಉಸಿರೆತ್ತುತ್ತಿರಲಿಲ್ಲ. ಆ ಬಿಡಿಭಾಗ ತಯಾರಾಗುವುದೇ ನಿಂತುಹೋಗಿತ್ತು. ಮೆಕ್ಯಾನಿಕ್ಕು ಬೇರೆ ಗಾಡಿಗಳದ್ದನ್ನು ಉಜ್ಜಿ ಕೂರಿಸಿದ ಮೂರು ಹಲ್ಲುಚಕ್ರಗಳೂ ತಿಂಗಳೊಪ್ಪತ್ತಿನಲ್ಲಿ ಕೈಕೊಟ್ಟಿದ್ದವು. “ಇಂಜಿನ್ ಪೂರ್ತಿ ಬಿಚ್ಬೇಕು ಸಾರ್. ಬಿಚ್ಚೋದು ನನ್ ಜವಾಬ್ದಾರಿ, ಜೋಡ್ಸೋದು ದೇವರ ಜವಾಬ್ದಾರಿ,” ಎಂದು ಅವನು ಅಂದಮೇಲೆ ಇವರು ಬಿಚ್ಚುವ ಮಾತನ್ನೇ ಬಿಟ್ಟರು. ಇಳಿಜಾರಿನಲ್ಲಿ ಉರುಳಿಸಿ, ಎರಡನೆಯ ಗೇರಿನಲ್ಲಿ ಕ್ಲಚ್ಚು ಬಿಟ್ಟರೆ ಗಾಡಿ ಒಮ್ಮೆ ಬಿಕ್ಕಿ, ನೀಲಿ ಹೊಗೆ ಕಾರಿ, ಹೊರಟುಬಿಡುತ್ತಿತ್ತು. ಹೀಗಾಗಿ ನಾವು ಅವರಿಗಿಟ್ಟ ಹೆಸರು ಇಳಿಜಾರಪ್ಪ. ಸಮತಟ್ಟಾದ ರಸ್ತೆಯಲ್ಲಿ ಸಿಕ್ಕಿಬಿದ್ದಾಗ, ಹೇಗಿದೀರಿ ಎಂದು ಯಾರಾದರೂ ಕೇಳಿದರೆ, ಏದುಸಿರಿನ ನಡುವೆಯೇ “ಹೇಗೋ ತಳ್ತಾ ಇದೀನಿ” ಎನ್ನುವರು. ಬೇರೆಯವರ ಬಾಯಲ್ಲಿ ಅದು ಬರೀ ಮಾತು, ಅವರ ಬಾಯಲ್ಲಿ ವರದಿ.

ಬೇಸಗೆಯಲ್ಲೂ ಕಳಚದ ಬೂದು ಬಣ್ಣದ ಆ ಕೋಟಿನ ಜೇಬುಗಳಲ್ಲಿ ಕೆಂಪು ಪೆನ್ಸಿಲು, ಉಪ್ಪುಕಾಗದ, ಹಳೆಯ ಸ್ಪಾರ್ಕ್ ಪ್ಲಗ್ಗು, ಸುತ್ತಿಟ್ಟ ಕ್ಲಚ್ ಕೇಬಲ್ಲು ಎಲ್ಲವೂ ಒಂದೇ ಸಂಸಾರದವರಂತೆ ವಾಸವಾಗಿದ್ದವು. ಗಾಡಿಯ ಕೆಳಗೆ ಹಳೆಯ ಕರಡಿನ ಹಾಳೆ ಹಾಸಿ, ಮಧ್ಯಾಹ್ನ ಹೋಗಿ ಎಣ್ಣೆಯ ಕಲೆ ಎಷ್ಟು ಹರಡಿದೆ ನೋಡುವರು. ಸಡಿಲವಾದ ನಟ್ಟು ಕಂಡರೆ ಪಕ್ಕದಲ್ಲಿ ಕೆಂಪು ಗುರುತು ಹಾಕುವರು. ಹೊಸದೊಂದನ್ನು ಕೊಳ್ಳಬಾರದೇ ಎಂದು ನಾನೊಮ್ಮೆ ಕೇಳಿದ್ದಕ್ಕೆ, “ತಪ್ಪಿದೆ ಅಂತ ಯಾರಾದ್ರೂ ಹಾಳೇನೇ ಹರಿದು ಹಾಕ್ತಾರೇನ್ರೀ?” ಎಂದು ನನ್ನನ್ನೇ ತಿದ್ದಿದ್ದರು.

ಅವರು ಮನೆ ಹಿಡಿದದ್ದೂ ಈ ಗಾಡಿಗಾಗಿಯೇ. ಕಡಿದಾದ ಬೀದಿಯೊಂದರ ನೆತ್ತಿಯ ಮೇಲೆ, ಎರಡೇ ಕೋಣೆಯ ಮನೆ. ಬೆಳಿಗ್ಗೆ ಬಾಗಿಲಲ್ಲೇ ಗಾಡಿಯ ಮೇಲೆ ಕೂತು ಕಾಲೆತ್ತಿದರೆ ಸಾಕು, ಬುಡ ಸೇರುವಷ್ಟರಲ್ಲಿ ಇಂಜಿನ್ನು ಎಚ್ಚರವಾಗಿರುತ್ತಿತ್ತು. ಅವರ ಹೆಂಡತಿಯ ಹೊಲಿಗೆ ಅಂಗಡಿ ಇದ್ದದ್ದು ಬೀದಿಯ ಬುಡದಲ್ಲಿ. ಸಂಜೆ ಇಬ್ಬರನ್ನೂ ಹೊತ್ತು ಏರುವ ಶಕ್ತಿ ಗಾಡಿಗಿಲ್ಲವಾದ್ದರಿಂದ, ಇವರು ಹೊಗೆಯೆಬ್ಬಿಸುತ್ತ ಮುಂದೆ ಹೋದರೆ ಆಕೆ ಚೀಲ ಹಿಡಿದು ಹಿಂದೆ ನಡೆದು ಬರುತ್ತಿದ್ದರು. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು.

ಒಂದು ದಿನ ಅವರು ಆಫೀಸಿಗೆ ಬಂದವರು, ಕರಡನ್ನು ಮುಂದಿಟ್ಟುಕೊಂಡು ಪೆನ್ಸಿಲನ್ನೇ ಮುಟ್ಟದೆ ಕೂತರು. ಹೆಂಡತಿಯ ಮಂಡಿ ಎರಡೂ ಸವೆದಿವೆ, ಇನ್ನು ಏರು ಹತ್ತಿದರೆ ನಡೆಯುವುದೇ ನಿಂತೀತು ಎಂದು ಡಾಕ್ಟರು ಹೇಳಿದ್ದರಂತೆ. “ಅವಳು ನಗ್ತಾಳೆ ಕಣ್ರೀ. ನಿಮ್ ಗಾಡಿಗೂ ನಂಗೂ ಒಂದೇ ಕಾಯಿಲೆ ಅಂತಾಳೆ,” ಎಂದರು. ಆಮೇಲೆ ಕರಡನ್ನು ಪಕ್ಕಕ್ಕೆ ಸರಿಸಿ, “ನಾನು ಆ ಬೀದೀನ ಇಳಿಜಾರು ಅಂತಾನೇ ಅಂದ್ಕೊಂಡಿದ್ದೆ. ಅವಳಿಗದು ಏರು. ಇಪ್ಪತ್ತೆರಡು ವರ್ಷ ಈ ತಪ್ಪು ನನ್ ಕಣ್ಣಿಗೆ ಬೀಳ್ಲಿಲ್ಲ ನೋಡಿ,” ಎಂದರು. ಅಲ್ಪಪ್ರಾಣ ಮಹಾಪ್ರಾಣ ಅದಲುಬದಲಾದರೆ ಊಟ ಬಿಡುತ್ತಿದ್ದ ಮನುಷ್ಯನ ಆ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಆದರೂ ಹಳೆಯ ಚಾಳಿ ಬಿಡಲೊಲ್ಲದು. ಮನೆ ಹುಡುಕಲು ಹೊರಟವರು ಸೀಸೆಯನ್ನೂ ಒಯ್ದರು. ಮನೆಯೊಡೆಯರು ಅಡುಗೆಮನೆ ತೋರಿಸುತ್ತಿದ್ದರೆ ಇವರು ಬೀದಿಗೆ ಹೋಗಿ ನೀರು ಚೆಲ್ಲುವರು. ಆಕೆಗೆ ಸುಖವಾಗುವಷ್ಟು ಸಮತಟ್ಟು, ಗಾಡಿಗೆ ಸಾಲುವಷ್ಟು ಇಳಿಜಾರು, ಎರಡೂ ಇರುವ ಬೀದಿಯನ್ನು ಎರಡು ತಿಂಗಳು ಹುಡುಕಿದರು. “ಮನೆ ನೋಡೋಕೆ ಬಂದಿದೀರೋ ಚರಂಡಿ ನೋಡೋಕೆ ಬಂದಿದೀರೋ?” ಎಂದು ಆಕೆ ಕೇಳಿದರಂತೆ.

ಕೊನೆಯ ಮನೆಗೆ ನಾನೂ ಜೊತೆಗೆ ಹೋಗಿದ್ದೆ. ಅಂಗಡಿಗೆ ಹತ್ತಿರ, ಹೊಸಿಲಿಗೆ ಒಂದೇ ಮೆಟ್ಟಿಲು. ಅವರು ಬಾಗಿಲ ಮುಂದೆ ನೀರು ಚೆಲ್ಲಿ ಬಗ್ಗಿದರು, ನಾನೂ ಬಗ್ಗಿದೆ. ನೀರು ಯಾವ ಕಡೆಗೂ ಹರಿಯಲಿಲ್ಲ, ದುಂಡಗೆ ನಿಂತುಬಿಟ್ಟಿತು. ಬಿಸಿಲಿಗೆ ಅದರ ಅಂಚು ಒಣಗತೊಡಗುವವರೆಗೂ ನೋಡುತ್ತಿದ್ದು, ಸೀಸೆಗೆ ಬಿರಡೆ ಹಾಕಿ ಜೇಬಿಗಿಳಿಸಿ, “ಇದೇ ಮನೆ,” ಎಂದರು.

“ಗಾಡಿ?” ಎಂದರು ಆಕೆ.

“ಅದು ಮೇಲೇ ಇರ್ಲಿ. ನಾನೇ ಹತ್ತಿ ಹೋಗ್ತೀನಿ.”

ಹಾಗೆಯೇ ಆಯಿತು. ಗಾಡಿ ಹಳೆಯ ಮನೆಯೊಡೆಯರ ಜಗಲಿಯ ಪಕ್ಕದಲ್ಲಿ ಉಳಿಯಿತು. ಅವರು ದಿನಾ ಬೆಳಿಗ್ಗೆ ಕೋಟು ತೊಟ್ಟು ಆ ಬೀದಿಯನ್ನು ನಡೆದು ಹತ್ತುವರು, ಉರುಳಿಸಿಕೊಂಡು ಇಳಿಯುವರು, ಸಂಜೆ ಮೇಲೆ ಬಿಟ್ಟು ನಡೆದು ಮನೆಗೆ ಬರುವರು. ಒಮ್ಮೆ ಕುತೂಹಲದಿಂದ ನಾನೂ ಅವರೊಡನೆ ಹತ್ತಿದೆ. ಮೂರನೆಯ ದೀಪದ ಕಂಬದ ಬಳಿ ಅವರು ಒಂದು ಮೋಟುಗೋಡೆಗೆ ಕೈಯೂರಿ ನಿಂತರು. ಗೋಡೆಯ ಆ ಜಾಗವೊಂದು ಮಾತ್ರ ಕೈ ತಾಗಿ ತಾಗಿ ನುಣುಪಾಗಿತ್ತು. “ಇಲ್ಲೊಂದ್ ಸಲ ನಿಲ್ಬೇಕಂತೆ. ಅವಳೇ ಹೇಳ್ಕೊಟ್ಲು,” ಎಂದರು.

ಹಳೆಯದಕ್ಕೆ ಜೋತುಬಿದ್ದವರನ್ನು ಹಟಮಾರಿಗಳೆಂದು ನಗುವುದು ಸುಲಭ, ನಾನೂ ನಕ್ಕಿದ್ದೇನೆ. ಕೈಹಿಡಿದ ಯಾವುದನ್ನೂ ಬಿಡಲು ಬಾರದ ಈ ಬಗೆಯ ಜನ, ಕಣ್ಣೆದುರಿನ ತಪ್ಪನ್ನು ಎಲ್ಲರಿಗಿಂತ ತಡವಾಗಿ ಕಾಣುತ್ತಾರೆಂಬುದೂ ನಿಜ. ಆದರೆ ಕಂಡಮೇಲೆ ಅವರು ಕ್ಷಮೆ ಕೇಳಿ ಸುಮ್ಮನಾಗುವವರಲ್ಲ. ಇನ್ನೊಬ್ಬರು ತಮಗಾಗಿ ಹತ್ತಿದ ಏರನ್ನು, ಅವರು ನಿಂತಲ್ಲೇ ತಾವೂ ನಿಂತು, ದಿನವೂ ಒಮ್ಮೆ ಹತ್ತುತ್ತಾರೆ.